ಪುಟ ನುಂಗಿದ ಎಚ್ಚರಿಕೆ

"ಎರಡೂ ಒಂದೇ ದಿನದ ಕಾಗದ. ಇದರಲ್ಲಿ ಒಂದು ಮಾತಿದೆ, ಅದರಲ್ಲಿ ಇಲ್ಲ. ಇಲ್ಲಿಂದ ಅಲ್ಲಿಗೆ ಬರೋ ದಾರೀಲಿ ಅದು ಎಲ್ಲಿ ಕಳೆದುಹೋಯ್ತು? ಅಷ್ಟೇ ನನ್ನ ಪ್ರಶ್ನೆ."

ಮೀಸೆ ಸಾಹೇಬರು ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಫ್ಯಾನಿನ ಗಾಳಿಗೆ ಹಾರದ ಹಾಗೆ ಎದುರಿಗೆ ಕೂತವನ ಮೊಬೈಲನ್ನೇ ಎತ್ತಿ ಒಂದರ ಮೇಲೆ ಇಟ್ಟರು. ಅವನು ಬೇಡ ಅನ್ನಲಿಲ್ಲ. ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದು ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು ಸಾಹೇಬರು. ಮೀಸೆ ಬೆಳ್ಳಗಾಗಿ ತೆಳ್ಳಗಾಗಿದ್ದರೂ ಹೆಸರು ಹಾಗೇ ಉಳಿದಿತ್ತು. ಎದುರಿಗಿದ್ದವರ ವಸ್ತುವನ್ನು ತಮ್ಮದೆಂಬಂತೆ ಎತ್ತಿಕೊಳ್ಳುವ ಅಭ್ಯಾಸವೂ ಉಳಿದಿತ್ತು.

ಎದುರಿಗೆ ಕೂತಿದ್ದವನು ಲಿಫ್ಟ್ ಕಂಪನಿಯ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥ. ಇಡೀ ಕಂಪನಿಯಲ್ಲಿ ಟೈ ಕಟ್ಟುವವನು ಅವನೊಬ್ಬನೇ ಆದ್ದರಿಂದ ಬೆನ್ನ ಹಿಂದೆ ಎಲ್ಲರೂ ಅವನನ್ನು 'ಟೈ' ಎಂದೇ ಕರೆಯುತ್ತಿದ್ದರು. ಮುಜುಗರವಾದಾಗ ಅದರ ತುದಿಯನ್ನು ಸುರುಳಿ ಸುತ್ತುವುದು ಅವನ ಚಾಳಿ. ಈಗ ಅದು ಗಂಟಲ ತನಕ ಸುರುಳಿಯಾಗಿತ್ತು.

ಗೋಡೆಯ ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ವಿಚಾರಣೆ ಮೂರು ಗಂಟೆಗೆ.

ಐದಂತಸ್ತಿನ ಕಟ್ಟಡದ ಲಿಫ್ಟ್ ಬಿದ್ದು ನಾಲ್ಕನೇ ಮಹಡಿಯ ಹೊಲಿಗೆಯಾಕೆ ಸತ್ತು ಇವತ್ತಿಗೆ ಹನ್ನೆರಡು ದಿನ. ಲಿಫ್ಟ್ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ದೋಷವನ್ನು ಬರೆಯಲೇ ಇಲ್ಲ ಎಂದು ಕಂಪನಿ ಕೈ ತೊಳೆದುಕೊಂಡಿತ್ತು. ಬರೆದಿದ್ದ ಎಂದು ಮೂರು ಗಂಟೆಯ ಒಳಗೆ ತೋರಿಸದಿದ್ದರೆ ಮೇಸ್ತ್ರಿ ವಿಚಾರಣೆಯ ಕೋಣೆಯಿಂದ ನೇರವಾಗಿ ಪೊಲೀಸ್ ಜೀಪು ಹತ್ತಬೇಕು. ಇಪ್ಪತ್ತಾರು ವರ್ಷ ಗ್ರೀಸಿನಲ್ಲಿ ಕೈಯಾಡಿಸಿದ ಮನುಷ್ಯ, ಮಾತು ಬಾರದು. "ಸಾಹೇಬ್ರೇ, ನಾನು ಬರೆದಿದೀನಿ" ಎಂದಷ್ಟೇ ಹೇಳಿ ಸಾಹೇಬರ ಮನೆ ಬಾಗಿಲಲ್ಲಿ ನಿಂತಿದ್ದ. ಯಾರ ತಲೆಗೆ ಕಟ್ಟಿದರೆ ಸದ್ದಾಗುವುದಿಲ್ಲ ಎಂದು ಆರಿಸುವುದರಲ್ಲಿ ಕಂಪನಿಗಳ ಕಣ್ಣು ಬಹಳ ಚುರುಕು.

"ಸಾರ್, ಈ ಮೊದಲನೇ ಹಾಳೆ ಇದೆಯಲ್ಲ, ಅದು ಎಕ್ಸ್‌ಎಂಎಲ್" ಎಂದ ಟೈ. "ನಿಮಗೆ ಅರ್ಥವಾಗೋದು ಸ್ವಲ್ಪ ಕಷ್ಟ."

"ಅರ್ಥ ಮಾಡಿಸೋಳು ನಮ್ಮನೇಲೇ ಇದಾಳೆ. ನಿಮ್ಮ ಕೈ ಕೆಳಗೇ ಕೆಲಸ ಮಾಡ್ತಿದ್ದೋಳು. ಅಪಘಾತದ ಮರುದಿನವೇ ಅವಳ ಅಕೌಂಟ್ ಮುಚ್ಚಿ, ರಜೆ ಮೇಲೆ ಹೋಗು ಅಂತ ಮನೆಗೆ ಕಳಿಸಿದ್ರಲ್ಲ, ನನ್ನ ಸೊಸೆ."

ಟೈ ಕಣ್ಣನ್ನು ಮೊದಲನೇ ಹಾಳೆಗೆ ಇಳಿಸಿದ.

ಮೊದಲನೇ ಹಾಳೆ ಮೇಸ್ತ್ರಿಯ ಟ್ಯಾಬ್ಲೆಟ್‌ನಿಂದ ತೆಗೆದದ್ದು. ಹದಿನೈದನೇ ತಾರೀಖು, ಮಂಗಳವಾರದ ತಪಾಸಣೆ. ಮೊದಲ ಸಲ ನೋಡಿದಾಗ ಸಾಹೇಬರಿಗೆ ಅದು ಇರುವೆ ಸಾಲಿನಂತೆ ಕಂಡಿತ್ತು. ಕೊಂಕು ಗೆರೆಗಳ ನಡುವೆ ಒಂದು ಹೆಸರು, ಆಮೇಲೆ ಒಂದಿಷ್ಟು ಮಾತು, ಮತ್ತೆ ಅದೇ ಹೆಸರು. ಪ್ರತಿ ಮಾತಿಗೂ ಹೆಸರು ಬರೆದ ಒಂದೊಂದು ಡಬ್ಬಿ ಇದ್ದ ಹಾಗೆ ಎಂದಿದ್ದಳು ಸೊಸೆ. 'ಕಟ್ಟಡ' ಎಂಬ ಡಬ್ಬಿ, 'ತಾರೀಖು' ಎಂಬ ಡಬ್ಬಿ, 'ದೋಷ' ಎಂಬ ಡಬ್ಬಿ. ಅದು ಖಾಲಿ. ಅದರ ಕೆಳಗೆ ಈ ವರ್ಷ ಹೊಸದಾಗಿ ಸೇರಿಸಿದ 'ತುರ್ತು' ಎಂಬ ಡಬ್ಬಿ. ಅದರೊಳಗೆ ಒಂದೇ ಬೆರಳಲ್ಲಿ ಕುಟ್ಟಿದ ಮೇಸ್ತ್ರಿಯ ಮಾತು: 'ಬ್ರೇಕ್ ಜಾರುತ್ತಿದೆ. ಸರಿ ಮಾಡುವ ತನಕ ಲಿಫ್ಟ್ ಓಡಿಸಬೇಡಿ.'

ಎರಡನೇ ಹಾಳೆ ಅದೇ ತಪಾಸಣೆಯನ್ನು ಕಂಪನಿಯ ವೆಬ್‌ಸೈಟ್ ತೋರಿಸಿದ ಪುಟ. ಲಿಫ್ಟ್ ನಿಲ್ಲಿಸುವ ಅಧಿಕಾರ ಮೇಸ್ತ್ರಿಗಿಲ್ಲ; ಮೇಸ್ತ್ರಿ ಬರೆಯಬೇಕು, ಕಟ್ಟಡದ ಮ್ಯಾನೇಜರ್ ಪುಟ ನೋಡಿ ನಿಲ್ಲಿಸಬೇಕು. ಪುಟ ಅಂದವಾಗಿತ್ತು. ಮೇಲೆ ಕಂಪನಿಯ ಲಾಂಛನ, ಪಕ್ಕದಲ್ಲಿ ನೀಲಿ ಪಟ್ಟಿ, ನಡುವೆ ದಪ್ಪ ಅಕ್ಷರದಲ್ಲಿ 'ಮಾಸಿಕ ತಪಾಸಣೆ ಮುಗಿದಿದೆ. ದೋಷ: ಇಲ್ಲ.'

"ನನಗೆ ಇದು ಅರ್ಥವಾಗಿದ್ದು ಹೇಗೆ ಗೊತ್ತಾ?" ಎಂದರು ಸಾಹೇಬರು. "ಠಾಣೆಗೆ ಒಬ್ಬ ದೂರು ಕೊಡೋಕೆ ಬರ್ತಾನೆ. ಅವನು ಎಲ್ಲಾನೂ ಹೇಳ್ತಾನೆ. ಅದು ನಿಮ್ಮ ಎಕ್ಸ್‌ಎಂಎಲ್. ನಮ್ಮ ರೈಟರು ಕೇಳಿಸ್ಕೊಂಡು, ಯಾವ ಮಾತು ಎಲ್ಲಿ ಬರೀಬೇಕು, ಯಾವುದನ್ನ ಬಿಡಬೇಕು ಅಂತ ತೀರ್ಮಾನ ಮಾಡ್ತಾನೆ. ಅದು ನಿಮ್ಮ ಸ್ಟೈಲ್‌ಶೀಟ್. ಬರೆಯೋ ಕಾಗದದ ಮೇಲೆ ಠಾಣೆ ಹೆಸರು, ಮೊಹರಿನ ಜಾಗ ಎಲ್ಲ ಮೊದಲೇ ಅಚ್ಚಾಗಿರುತ್ತೆ. ಅದು ನಿಮ್ಮ ಸರ್ವರಲ್ಲಿರೋ ಪುಟದ ಟೆಂಪ್ಲೇಟು. ಸರಿ ತಾನೆ?"

"ಹೆಚ್ಚುಕಮ್ಮಿ ಸರಿ."

"ಕಾಗದ ಸುಳ್ಳು ಹೇಳೋದಿಲ್ಲ. ದೂರು ಕೊಟ್ಟೋನು ಹೇಳಿದಾನೆ. ಅಂದ್ಮೇಲೆ ಕಳ್ಳ ರೈಟರೇ. ಮೂವತ್ತನಾಲ್ಕು ವರ್ಷ ರೈಟರುಗಳ ಜೊತೆ ಏಗಿದೀನಿ ಸ್ವಾಮಿ."

ಟೈ ನಕ್ಕ. ಆ ನಗುವಿಗೆ ಜೀವವಿರಲಿಲ್ಲ. "ಮೇಸ್ತ್ರಿ ಅಪಘಾತ ಆದ್ಮೇಲೆ ಟ್ಯಾಬ್ಲೆಟ್ಟಲ್ಲಿ ಸೇರಿಸಿರಬಹುದಲ್ಲ? ಅದು ಅವನ ಕೈಯಲ್ಲೇ ಇದ್ದದ್ದು."

ಈ ಮಾತಿಗಾಗಿಯೇ ಕಾಯುತ್ತಿದ್ದ ಸಾಹೇಬರು ಜೇಬಿನಿಂದ ಮೂರನೇ ಚೀಟಿ ತೆಗೆದರು. ಬೆರಳುದ್ದದ ಚೀಟಿ.

"ಟ್ಯಾಬ್ಲೆಟ್ ಏನಾದ್ರೂ ಕಳಿಸಿದ್ರೆ ನಿಮ್ಮ ಸರ್ವರು ತಲುಪಿತು ಅಂತ ಒಂದು ಸ್ವೀಕೃತಿ ಕೊಡುತ್ತೆ. ಮಂಗಳವಾರ ಮಧ್ಯಾಹ್ನ ಎರಡೂ ಹತ್ತಕ್ಕೆ ಕೊಟ್ಟಿದೆ, ನೋಡಿ. ಬಂದ ಫೈಲಿನ ಉದ್ದ ಎಷ್ಟು ಅಂತಲೂ ಬರ್ಕೊಂಡಿದೆ. ನಾನೂ ಸೊಸೆಯೂ ಅಡುಗೆಮನೆ ಮೇಜಿನ ಮೇಲೆ ಈ ಹಾಳೆ ಹರಡ್ಕೊಂಡು ಎಣಿಸಿದ್ವಿ. ತುರ್ತು ಡಬ್ಬಿ ಸೇರಿಸಿದ್ರೆ ಲೆಕ್ಕ ಕೂದಲೆಳೆ ಹೆಚ್ಚುಕಮ್ಮಿ ಇಲ್ದೆ ಕೂಡುತ್ತೆ. ತೆಗೆದ್ರೆ ಕೂಡೋದಿಲ್ಲ. ಆ ಹೊಲಿಗೆಯಮ್ಮ ಸಾಯೋ ಎರಡು ದಿನ ಮುಂಚೆಯೇ ನಿಮ್ಮ ಸರ್ವರು ಆಕೆ ಸಾವನ್ನ ಓದಿತ್ತು ಕಣ್ರಿ. ಓದಿ ಸುಮ್ಮನಿತ್ತು."

ಅಷ್ಟು ಹೇಳುವಾಗ ಸಾಹೇಬರಿಗೆ ತಮ್ಮ ದನಿ ಏರಿದ್ದು ತಿಳಿಯಿತು. ಗಾಜಿನ ಆಚೆ ಸಾಲಾಗಿ ಕೂತಿದ್ದ ಹುಡುಗ ಹುಡುಗಿಯರು ಕೀಲಿಮಣೆಯ ಮೇಲೆ ಕೈ ಹಾಗೇ ಇಟ್ಟು ಇತ್ತ ನೋಡಿದರು, ಮತ್ತೆ ತಲೆ ತಗ್ಗಿಸಿದರು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಅದೇ ಸಾಹೇಬರನ್ನು ಹೆಚ್ಚು ಕೆರಳಿಸಿತು. ಎಲ್ಲರಿಗೂ ಗೊತ್ತಿದೆ. ಗೊತ್ತಿದ್ದೇ ಎಲ್ಲರೂ ಸಂಬಳದ ಕೆಲಸ ಮಾಡಿಕೊಂಡಿದ್ದಾರೆ.

ಟೈ ಎದ್ದು ಹೋಗಿ ಬಾಗಿಲು ಹಾಕಿದ. ವಾಪಸು ಬಂದು ಕೂತಾಗ ಅವನ ಮುಖ ಬದಲಾಗಿತ್ತು. ಸೋತವನ ಮುಖವಲ್ಲ, ಇನ್ನು ಮುಚ್ಚಿಟ್ಟು ತನಗೇನೂ ಲಾಭವಿಲ್ಲ ಎಂದು ಲೆಕ್ಕ ಹಾಕಿದವನ ಮುಖ.

"ಸ್ಟೈಲ್‌ಶೀಟಲ್ಲಿ ಒಂದು ವಿಚಿತ್ರ ಇದೆ ಸಾರ್. ಯಾವ ಡಬ್ಬಿಗೆ ಏನು ಮಾಡಬೇಕು ಅಂತ ಒಂದೊಂದಕ್ಕೂ ನಿಯಮ ಬರೀತೀವಿ. ನಿಯಮ ಇಲ್ಲದ ಡಬ್ಬಿ ಬಂದ್ರೆ ಅದು ಬಿಟ್ಟುಬಿಡೋದಿಲ್ಲ. ಒಳಗಿರೋ ಮಾತನ್ನ ಹಾಗೇ ಬರಿಮೈಯಲ್ಲಿ ತಂದು ಪುಟದ ಮೇಲೆ ಸುರೀತದೆ. ಅಂದ ಇಲ್ಲ, ಚಂದ ಇಲ್ಲ. ಎರಡು ವರ್ಷದ ಹಿಂದೆ ನಮ್ಮ ಪುಟದ ನೆತ್ತಿ ಮೇಲೆಲ್ಲ ಹಾಗೆ ಚೆಲ್ಲಾಪಿಲ್ಲಿ ಅಕ್ಷರ ಬರ್ತಿತ್ತು. ಗ್ರಾಹಕರು ನಗ್ತಿದ್ರು. ಆಗ ಒಂದು ಸಾಲು ಸೇರಿಸಿದ್ವಿ. ನಿನಗೆ ಗೊತ್ತಿಲ್ಲದ್ದು ಏನೇ ಬಂದ್ರೂ ನುಂಗಿಬಿಡು ಅಂತ."

"ಒಂದೇ ಸಾಲು?"

"ಒಂದೇ ಸಾಲು. ಈ ಕೆಲಸ ಮಾಡೋರೆಲ್ಲ ಮಾಡ್ತಾರೆ. ಬೇಗ ಆಗುತ್ತೆ. ಆಮೇಲೆ ಅದು ಅಲ್ಲಿದೆ ಅನ್ನೋದೇ ಮರೆತುಹೋಗುತ್ತೆ."

"ಟ್ಯಾಬ್ಲೆಟ್ಟಿಗೆ ತುರ್ತು ಡಬ್ಬಿ ಸೇರಿಸಿದಾಗ?"

"ಅದಕ್ಕೆ ಸ್ಟೈಲ್‌ಶೀಟಲ್ಲಿ ನಿಯಮ ಬರೀಬೇಕಿತ್ತು. ಟ್ಯಾಬ್ಲೆಟ್ಟಿನೋರು ಬೇರೆ ತಂಡ. ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ."

ಸಾಹೇಬರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಕೊಲೆಗಾರರನ್ನು ನೋಡಿದ್ದರು, ಕೋಪದಲ್ಲಿ ಕಡಿದವರು, ಆಸ್ತಿಗೆ ವಿಷ ಹಾಕಿದವರು. ಅವರಿಗೆಲ್ಲ ಕನಿಷ್ಠ ಸತ್ತವರ ಮುಖ ಗೊತ್ತಿತ್ತು. ಇಲ್ಲಿ ಯಾರೋ ಪುಟ ಚೆನ್ನಾಗಿ ಕಾಣಲಿ ಎಂದು ಒಂದು ಸಾಲು ಬರೆದಿದ್ದರು, ಅಷ್ಟೇ. ಇದಕ್ಕೆ ಯಾರ ಕೊರಳಪಟ್ಟಿ ಹಿಡಿಯುವುದು?

"ಆ ಸಾಲು ಬರೆದೋರು ಯಾರು?"

ಟೈ ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡು ಏನೋ ಕುಟ್ಟಿದ. ಮೂಲೆಯ ಪ್ರಿಂಟರ್ ಗೊರಗೊರ ಎಂದು ಒಂದು ಹಾಳೆ ಉಗುಳಿತು. ಅದನ್ನು ಮಡಿಸದೆ, ಅಕ್ಷರ ಮೇಲಾಗಿ, ಸಾಹೇಬರ ಮುಂದೆ ಸರಿಸಿದ. ಆಗ ಅವನ ತುಟಿಯ ಮೂಲೆಯಲ್ಲಿ ಕಂಡ ನಗೆಯನ್ನು ಸಾಹೇಬರು ಬದುಕಿರುವ ತನಕ ಕ್ಷಮಿಸಲಾರರು.

"ಫೈಲು ಯಾರು ಮುಟ್ಟಿದ್ರೂ ಇಲ್ಲಿ ಬರುತ್ತೆ. ನೀವೇ ಓದಿ."

ಮೂರೇ ಸಾಲು. ಎರಡು ವರ್ಷದ ಹಿಂದೆ: ನುಂಗುವ ನಿಯಮ ಸೇರಿಸಲಾಯಿತು. ಈ ತಿಂಗಳ ಹನ್ನೊಂದು, ಶುಕ್ರವಾರ: ತೆಗೆಯಲಾಯಿತು. ಹದಿನಾಲ್ಕು, ಸೋಮವಾರ, ಬೆಳಗ್ಗೆ ಹನ್ನೊಂದೂ ಇಪ್ಪತ್ತು: ಮತ್ತೆ ಸೇರಿಸಲಾಯಿತು.

ಮೂರೂ ಸಾಲಿನ ತುದಿಯಲ್ಲಿ ಒಂದೇ ಅಕೌಂಟ್. ಸೊಸೆಯದು.

"ತಗೊಂಡು ಹೋಗಿ ವಿಚಾರಣೇಲಿ ತೋರಿಸಿ ಸಾರ್" ಎಂದ ಟೈ. "ನಾನು ತಡೆಯೋದಿಲ್ಲ. ಮೇಸ್ತ್ರಿ ಬಚಾವಾಗ್ತಾನೆ. ನಿಮ್ಮ ಕೈಲಿ ಆಗುತ್ತಾ, ನೋಡೋಣ."

ಸೊಸೆ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಳು. ಕಂಪನಿಯ ಗೇಟಿನೊಳಗೆ ಅವಳಿಗೆ ಪ್ರವೇಶವಿರಲಿಲ್ಲ. ಮಾವನನ್ನು ಕಂಡದ್ದೇ ಬಾಗಿಲು ತೆಗೆದು, "ಸಿಕ್ತಾ ಮಾವ?" ಎಂದಳು.

ಸಾಹೇಬರು ಕೂತರು. ಹಾಳೆಯನ್ನು ಅವಳ ತೊಡೆಯ ಮೇಲೆ ಇಟ್ಟರು. ಅವಳು ಓದುವುದನ್ನು ನೋಡಲಾರದೆ ಎದುರಿನ ಗಾಜಿನ ಆಚೆ ಕಣ್ಣು ನೆಟ್ಟರು. ವಾರವಿಡೀ ಇವಳು ಗಿಣಿಗೆ ಹೇಳಿಕೊಟ್ಟ ಹಾಗೆ ತಮಗೆ ಡಬ್ಬಿ, ನಿಯಮ, ಟೆಂಪ್ಲೇಟು ಎಲ್ಲ ಹೇಳಿಕೊಟ್ಟಿದ್ದಳು. ಇದೊಂದನ್ನು ಬಿಟ್ಟು.

"ಎರಡು ವರ್ಷದ ಹಿಂದೆ ಬರೆದೋಳು ನಾನೇ" ಎಂದಳು ಹಾಳೆಯಿಂದ ತಲೆಯೆತ್ತದೆ. "ಟೈ ಹೇಳಿದ, ಬರೆದೆ. ಹೇಳಿದ್ದಕ್ಕೆ ಬರೆದೆ ಅಂತ ತಪ್ಪಿಸ್ಕೊಳ್ಳೋದಿಲ್ಲ. ಹೊಸ ಡಬ್ಬಿ ಬಂದಿದೆ ಅಂತ ಈ ತಿಂಗಳು ನನಗೇ ಆಕಸ್ಮಿಕವಾಗಿ ಗೊತ್ತಾಯ್ತು. ಗೊತ್ತಾದ ದಿನವೇ ಆ ಸಾಲು ಕಿತ್ತುಹಾಕಿದೆ. ಸರಿಯಾದ ನಿಯಮ ಬರೆಯೋ ತನಕ ಮಾತು ಬರಿಮೈಯಲ್ಲೇ ಬೀಳಲಿ, ವಿಕಾರವಾಗಿದ್ರೂ ಜನಕ್ಕೆ ಕಾಣಲಿ ಅಂತ."

"ಮತ್ತೆ ಸೋಮವಾರ ಯಾಕೆ ಸೇರಿಸಿದೆ?"

"ನಾನು ಸೇರಿಸಲಿಲ್ಲ."

"ನಿನ್ನ ಹೆಸರೇ ಇದೆಯಲ್ಲಮ್ಮ!"

"ಅಕೌಂಟ್ ನಂದು. ಕೈ ನಂದಲ್ಲ." ಅವಳು ಈಗ ಮಾವನ ಕಡೆ ತಿರುಗಿದಳು. "ಮಾವ, ಹದಿನಾಲ್ಕನೇ ತಾರೀಖು ಸೋಮವಾರ ಬೆಳಗ್ಗೆ ನಾನೆಲ್ಲಿದ್ದೆ?"

ಸಾಹೇಬರ ಎದೆಯ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಾಯಿತು. ಹದಿನಾಲ್ಕು! ಅವರ ಕಣ್ಣಿನ ಆಪರೇಷನ್ ಆದ ದಿನ. ಬೆಳಗ್ಗೆ ಎಂಟಕ್ಕೆ ಸೊಸೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು, ಮಧ್ಯಾಹ್ನ ಎರಡರ ತನಕ ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೈ ಹಿಡಿದು ಕೂತಿದ್ದಳು. ಹೆದರಬೇಡಿ ಮಾವ, ನಾನಿದೀನಿ ಅಂದಿದ್ದಳು. ಹೆತ್ತ ಮಗ ಆವತ್ತು ಸಂಜೆ ಆರಕ್ಕೆ ಬಂದು ಹತ್ತು ನಿಮಿಷ ನಿಂತು ಹೋಗಿದ್ದ.

ಮಗ.

ಆ ಎರಡಕ್ಷರ ತಲೆಗೆ ಬಂದದ್ದೇ ಸಾಹೇಬರು ಆ ದಿನಗಳನ್ನು ಮನಸ್ಸಿನಲ್ಲೇ ಜೋಡಿಸತೊಡಗಿದರು. ಮಗ ಅದೇ ಕಂಪನಿಯ ಗ್ರಾಹಕರ ವಿಭಾಗದಲ್ಲಿದ್ದ. ಸಾಲು ಕಿತ್ತ ಮೇಲೆ ಶನಿವಾರ, ಭಾನುವಾರ ಎಲ್ಲ ಕಟ್ಟಡಗಳ ಪುಟದ ಮೇಲೂ ಮೇಸ್ತ್ರಿಗಳ ಮಾತು ಚೆಲ್ಲಿಕೊಂಡು ಬಿದ್ದಿರಬೇಕು. ಬಾಗಿಲು ಕಿರುಗುಟ್ಟುತ್ತೆ, ಗ್ರೀಸ್ ಮುಗಿದಿದೆ, ನೆಲಮಾಳಿಗೆಯಲ್ಲಿ ಇಲಿ ಇದೆ. ಗ್ರಾಹಕರು ಯಾರಿಗೆ ಫೋನ್ ಮಾಡಿರುತ್ತಾರೆ? ಭಾನುವಾರ ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಗಂಡ ಹೆಂಡತಿ ಜಗಳವಾಡಿದ್ದು ಸಾಹೇಬರ ಕಿವಿಗೆ ಬಿದ್ದಿತ್ತು. 'ಮೊದಲಿದ್ದ ಹಾಗೆ ಮಾಡು ಅಂದ್ರೆ ಮಾಡು!' 'ಮಾಡಲ್ಲ.' ಎಲ್ಲ ಮನೆಯಲ್ಲೂ ಇರುವ ಜಗಳ ಎಂದುಕೊಂಡು ಅವರು ಟಿವಿಯ ಸದ್ದು ಜಾಸ್ತಿ ಮಾಡಿಕೊಂಡಿದ್ದರು.

"ಅವನಿಗೆ ಈ ಕೆಲಸ ಬರುತ್ತಾ?"

"ಬರಬೇಕಾಗಿಲ್ಲ. ಹಿಂದಿನ ಪ್ರತಿಗೆ ವಾಪಸು ಅಂತ ಒಂದು ಗುಂಡಿ ಇದೆ. ಒತ್ತಿದ್ರೆ ಮುಗೀತು. ಪಾಸ್‌ವರ್ಡ್ ಗೊತ್ತಿದ್ರೆ ಸಾಕು. ನನ್ನ ಪಾಸ್‌ವರ್ಡ್ ನನ್ನ ಬಿಟ್ರೆ ಅವರೊಬ್ಬರಿಗೇ ಗೊತ್ತು."

"ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?"

"ಅನುಮಾನ ಇತ್ತು, ಕಾಗದ ಇರಲಿಲ್ಲ. ನನ್ನನ್ನ ಹೊರಗೆ ಹಾಕಿದ್ರಲ್ಲ. ಕಾಗದ ಇಲ್ದೆ ಗಂಡನ ಮೇಲೆ ಹೇಗೆ ಹೇಳ್ಲಿ? ಅದೂ ನಿಮ್ಮ ಹತ್ರ? ನೀವು ಅವರ ಅಪ್ಪ."

ಸಾಹೇಬರು ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅದನ್ನು ಹರಿದು ಎಸೆದರೆ ಮನೆ ಉಳಿಯುತ್ತದೆ, ಬರೆದ ಮಾತು ಪುಟಕ್ಕೆ ಯಾಕೆ ಬರಲಿಲ್ಲ ಎಂದು ತೋರಿಸಲಾಗದೆ ಮೇಸ್ತ್ರಿ ಹೋಗುತ್ತಾನೆ. ತೋರಿಸಿದರೆ ಮೇಸ್ತ್ರಿ ಉಳಿಯುತ್ತಾನೆ. ಸೊಸೆಗೆ ಏನೂ ಆಗದು, ತಾವೇ ಸಾಕ್ಷಿ. ಮೂವತ್ತನಾಲ್ಕು ವರ್ಷದಲ್ಲಿ ಒಂದೂ ಸುಳ್ಳು ಸಾಕ್ಷಿ ಹೇಳಿಸದ ಮನುಷ್ಯನ ಮಾತನ್ನು ಯಾರು ತೆಗೆದುಹಾಕುತ್ತಾರೆ? ಹೋಗುವವನು ಮಗ. ಅವನನ್ನು ಹೆಗಲ ಮೇಲೆ ಹೊತ್ತು ಓಡಾಡಿದ್ದು ನೆನಪಾಯಿತು. ಹಾಗೆ ನೆನಪಾದದ್ದಕ್ಕೆ ತಮ್ಮ ಮೇಲೇ ಸಿಟ್ಟು ಬಂತು. ಆ ಹೊಲಿಗೆಯಾಕೆಯನ್ನೂ ಯಾರೋ ಹೊತ್ತು ಓಡಾಡಿರುತ್ತಾರೆ.

"ಗಾಡಿ ತೆಗಿ" ಎಂದರು.

ಲಿಫ್ಟ್ ತಪಾಸಣೆ ಇಲಾಖೆಯ ಕಚೇರಿ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇತ್ತು. ಯಾರೂ ಹತ್ತಲಿಲ್ಲ.

ಉದ್ದನೆಯ ಮೇಜಿನ ತಲೆಯ ಕಡೆ ವಿಚಾರಣಾಧಿಕಾರಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಹೆಂಗಸು. ಪಕ್ಕದಲ್ಲಿ ಬೆರಳಚ್ಚಿನವನು. ಬಲಕ್ಕೆ ಒಂಟಿ ಕುರ್ಚಿಯಲ್ಲಿ ಮೇಸ್ತ್ರಿ, ಮೊಣಕಾಲ ಮೇಲೆ ಎರಡೂ ಕೈ ಅಂಗಾತ ಇಟ್ಟುಕೊಂಡು. ಎಷ್ಟು ತೊಳೆದರೂ ಬಿಡದ ಕಪ್ಪು ಅವನ ಉಗುರಿನಲ್ಲಿತ್ತು. ಎಡಕ್ಕೆ ಕಂಪನಿಯ ಪರವಾಗಿ ಬಂದವನು ಇಸ್ತ್ರಿ ಹಾಕಿದ ಅಂಗಿಯಲ್ಲಿ ಕಡತ ತೆರೆದು ಕೂತಿದ್ದ. ಸಾಹೇಬರ ಮಗ. ಕಂಪನಿಗೆ ಬೇರೆ ಯಾರೂ ಸಿಗಲಿಲ್ಲವೇ? ಸಿಕ್ಕಿರುತ್ತಾರೆ. ಬೇಕೆಂದೇ ಇವನನ್ನು ಕಳಿಸಿದ್ದಾರೆ.

ಮಗ ತಲೆಯೆತ್ತಿ ನೋಡಿದ. ಮೊದಲು ಅಪ್ಪನನ್ನು, ಆಮೇಲೆ ಬಾಗಿಲ ಬಳಿ ನಿಂತ ಹೆಂಡತಿಯನ್ನು. ಮತ್ತೆ ಕಡತಕ್ಕೆ ತಿರುಗಿದ.

ಸಾಹೇಬರು ಎಲ್ಲವನ್ನೂ ಇಟ್ಟರು. ಟ್ಯಾಬ್ಲೆಟ್‌ನ ಹಾಳೆ, ಪುಟದ ಹಾಳೆ, ಸ್ವೀಕೃತಿಯ ಚೀಟಿ. ದೂರುದಾರ, ರೈಟರು, ಅಚ್ಚಿನ ಕಾಗದ ಎಂದು ಬಿಡಿಸಿ ಹೇಳಿದರು. ಅಧಿಕಾರಿಣಿ ಒಂದೆರಡು ಕಡೆ ತಡೆದು ಕೇಳಿದಳು, ಅರ್ಥವಾದ ಮೇಲೆ ತಲೆಯಾಡಿಸಿದಳು. ಕೊನೆಗೆ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರು.

"ನುಂಗೋ ನಿಯಮ ಶುಕ್ರವಾರ ತೆಗೆದಿದ್ರು. ಸೋಮವಾರ ಮತ್ತೆ ಹಾಕಿದಾರೆ. ಮಂಗಳವಾರ ಮೇಸ್ತ್ರಿ ಬರೆದ ಮಾತು ಅದಕ್ಕೇ ಪುಟಕ್ಕೆ ಬರಲಿಲ್ಲ. ಇವನು ಬರೆದಿದಾನೆ ಮೇಡಂ. ಇವನದ್ದೇನೂ ತಪ್ಪಿಲ್ಲ."

ಅಧಿಕಾರಿಣಿ ಮೂರು ಸಾಲನ್ನೂ ಎರಡು ಸಲ ಓದಿದಳು. ಆಮೇಲೆ ಮೇಸ್ತ್ರಿಯ ಕಡೆ ನೋಡಿ, "ನೀವು ಮನೆಗೆ ಹೋಗಬಹುದು" ಎಂದಳು.

ಮೇಸ್ತ್ರಿಗೆ ಅದು ಕೇಳಿಸಿದರೂ ಒಳಗಿಳಿಯಲಿಲ್ಲ. ಬೆರಳಚ್ಚಿನವನು ಮತ್ತೊಮ್ಮೆ ಹೇಳಬೇಕಾಯಿತು. ಎದ್ದು ಸಾಹೇಬರ ಮುಂದೆ ಕೈ ಮುಗಿದ, ಏನೋ ಹೇಳಲು ಹೋಗಿ ಗೊಳೋ ಎಂದು ಅತ್ತುಬಿಟ್ಟ. ಸಾಹೇಬರಿಗೆ ಅವನ ಭುಜ ತಟ್ಟಲೂ ಆಗಲಿಲ್ಲ. ಅವರ ಕೆಲಸ ಇನ್ನೂ ಅರ್ಧ ಉಳಿದಿತ್ತು.

"ಈ ಅಕೌಂಟ್ ಯಾರದು?" ಅಧಿಕಾರಿಣಿ ಕೇಳಿದಳು.

"ನನ್ನ ಸೊಸೇದು. ಆದ್ರೆ ಸೋಮವಾರ ಆ ಗುಂಡಿ ಒತ್ತಿದ್ದು ಅವಳಲ್ಲ. ಆ ಹೊತ್ತಲ್ಲಿ ಅವಳು ನನ್ನ ಪಕ್ಕದಲ್ಲಿದ್ಳು, ಆಸ್ಪತ್ರೇಲಿ. ಅದಕ್ಕೆ ನಾನೇ ಸಾಕ್ಷಿ. ಅವಳ ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಿತ್ತು."

"ಯಾರಿಗೆ?"

ಸಾಹೇಬರು ಕೈಯೆತ್ತಿ ತೋರಿಸಿದರು. ಇಷ್ಟು ವರ್ಷದಲ್ಲಿ ಎಷ್ಟೋ ಜನರ ಕಡೆ ಆ ಬೆರಳು ಚಾಚಿದ್ದರು. ಇಷ್ಟು ಭಾರವಾಗಿ ಯಾವತ್ತೂ ಇರಲಿಲ್ಲ. "ಅಲ್ಲಿ ಕೂತಿದಾನಲ್ಲ, ಅವನಿಗೆ. ನನ್ನ ಮಗನಿಗೆ."

ಬೆರಳಚ್ಚಿನವನ ಕೈ ನಿಂತಿತು. ಅಧಿಕಾರಿಣಿ ಕನ್ನಡಕ ಮೇಲೇರಿಸಿಕೊಂಡಳು.

ಮಗ ಬೆವರಲಿಲ್ಲ, ಕೂಗಾಡಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ನಿಧಾನವಾಗಿ ಎದ್ದ. "ಮೇಡಂ, ಸಾಕ್ಷಿಗೆ ಒಂದೇ ಒಂದು ಪ್ರಶ್ನೆ ಕೇಳಬಹುದಾ?"

'ಸಾಕ್ಷಿ' ಎಂದ. ಅಪ್ಪ ಎನ್ನಲಿಲ್ಲ.

"ಕೇಳಿ."

"ಹದಿನಾಲ್ಕನೇ ತಾರೀಖು ನಿಮಗೆ ಕಣ್ಣಿನ ಆಪರೇಷನ್ ಆಯ್ತು. ಅಲುಗಾಡಬಾರದು ಅಂತ ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ರು. ಹತ್ತು ಗಂಟೆಗೆ ಕಟ್ಟಿದ್ದು ಬಿಚ್ಚಿದ್ದು ಒಂದೂವರೆಗೆ. ಆಸ್ಪತ್ರೆಯ ಚೀಟೀಲಿ ಇದೆ." ಕಡತದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. ತಂದೇ ಇದ್ದ. ಅಂದರೆ ಇದಕ್ಕೆ ಸಿದ್ಧನಾಗಿಯೇ ಬಂದಿದ್ದ. "ಹನ್ನೊಂದೂ ಇಪ್ಪತ್ತಕ್ಕೆ ಅವಳು ಪಕ್ಕದಲ್ಲಿ ಇದ್ದದ್ದನ್ನ ನೀವು ನೋಡಿದ್ರಾ?"

ಸಾಹೇಬರು ಆ ಬೆಳಗನ್ನು ನೆನಪಿಸಿಕೊಂಡರು.

ಕೈ ಹಿಡಿದಿದ್ದಳು. ಅದು ಖಂಡಿತ. ಮಾತಾಡಿಸುತ್ತಿದ್ದಳು. ಅದೂ ಖಂಡಿತ. ಆದರೆ ನಡುವೆ ಒಮ್ಮೆ ಆ ಕೈ ಬಿಟ್ಟುಹೋಗಿತ್ತಲ್ಲ? ಕಣ್ಣಿನ ಹನಿ ತರ್ತೀನಿ ಮಾವ, ಈಗ ಬಂದೆ ಎಂದು ಎದ್ದಿದ್ದಳು. ಕತ್ತಲಲ್ಲಿ ಮಲಗಿದ್ದವರಿಗೆ ಅದು ಐದು ನಿಮಿಷವೋ ಅರ್ಧ ಗಂಟೆಯೋ ತಿಳಿದಿರಲಿಲ್ಲ. ಒಂದು ಗುಂಡಿ. ಒತ್ತಿದ್ರೆ ಮುಗೀತು. ಅಷ್ಟು ಕೆಲಸಕ್ಕೆ ಕೈಯಲ್ಲಿರುವ ಫೋನ್ ಸಾಕೇನೋ. ಗಂಡನ ಕಾಟ ತಡೆಯಲಾರದೆ, ಆಮೇಲೆ ನೋಡಿಕೊಂಡರಾಯಿತು ಎಂದು...

ಛೀ ಎಂದುಕೊಂಡರು. ಆದರೂ ಆ ಯೋಚನೆ ಬಂದಾಗಿತ್ತು.

ನೋಡಿದೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಎದುರಿಗೆ ನಿಂತವನು ಅದನ್ನೇ ಕಾಯುತ್ತಿದ್ದ. ಹೇಳಿದರೆ ಆಸ್ಪತ್ರೆಯ ಆ ಚೀಟಿ ಅವರ ಉಳಿದ ಮಾತನ್ನೂ ಸುಳ್ಳು ಮಾಡುತ್ತಿತ್ತು, ಮೇಸ್ತ್ರಿಯನ್ನು ಬಿಡಿಸಿದ ಮಾತನ್ನೂ. ಸಾವಿರ ಸಾಕ್ಷಿಗಳಿಗೆ ಅವರೇ ಗದರಿಸಿದ್ದರು: ಕಂಡದ್ದನ್ನಷ್ಟೇ ಹೇಳು.

"ಇಲ್ಲ" ಎಂದರು. "ಕಣ್ಣಲ್ಲಿ ನೋಡಲಿಲ್ಲ."

ಬೆರಳಚ್ಚಿನವನು ಅದನ್ನು ಕುಟ್ಟಿದ.

"ಅಷ್ಟೇ ಮೇಡಂ" ಎಂದು ಮಗ ಕೂತ. ಹೆಂಡತಿಯ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಅಧಿಕಾರಿಣಿ ಬಾಗಿಲ ಕಡೆ ಕೈ ಮಾಡಿದಳು. "ನೀವು ಒಳಗೆ ಬನ್ನಿ. ಕೂತ್ಕೊಳ್ಳಿ. ನಿಮ್ಮ ಹೇಳಿಕೆ ಬರೆಸಬೇಕು. ಇವತ್ತು ಮನೆಗೆ ಹೋಗೋಕೆ ಆಗುತ್ತೋ ಇಲ್ಲವೋ ಹೇಳಲಾರೆ."

ಸೊಸೆ ಬಂದು ಮೇಸ್ತ್ರಿ ಎದ್ದುಹೋದ ಕುರ್ಚಿಯಲ್ಲಿ ಕೂತಳು. ಕೈಚೀಲವನ್ನು ಕಾಲ ಬಳಿ ಇಟ್ಟಳು. ಅಧಿಕಾರಿಣಿ ಮೊದಲ ಪ್ರಶ್ನೆ ಕೇಳಿದ್ದು ಅವಳಿಗೆ ಕೇಳಿಸಲೇ ಇಲ್ಲ. ಅವಳು ನೋಡುತ್ತಿದ್ದದ್ದು ಮಾವನ ಮುಖವನ್ನು. ಆ 'ಇಲ್ಲ' ಎನ್ನುವ ಮೊದಲು ಅಲ್ಲಿ ಏನೋ ಹಾದುಹೋದದ್ದನ್ನು ಅವಳು ಕಂಡಿದ್ದಳು.

"ಮಾವ" ಎಂದಳು ಮೆಲ್ಲಗೆ, "ನಿಮಗೂ ನನ್ನ ಮೇಲೆ ಅನುಮಾನ ಬಂತಾ?"